ಜಟ್ಟು ಗುಡಿಸಿದ ಜಾಡು

ಕೇಳಿ, ನಗು ಬಂದರೆ ನಗಿ. ಅಳಿವೆ ಬಾಯಿಯ ಒಂದೂರಲ್ಲಿ ದುರ್ಗಿ ಅಂತ ಒಬ್ಬಳು, ಅವಳಿಗೆ ಜಟ್ಟು ಅಂತ ಒಬ್ಬ ಮಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ದುರ್ಗಿಗೆ ಇದ್ದದ್ದು ಒಂದೇ ಆಸೆ. ಮದುವೆಯಾದ ವರ್ಷ ಗಂಡನ ಜೊತೆ ನಿಂತು, ಕಡಲಾಮೆ ಮರಳೇರಿ ಮೊಟ್ಟೆ ಇಡುವುದನ್ನು ನೋಡಿದ್ದಳು. ಆಮೇಲೆ ಗಂಡ ಕಡಲಿಗೆ ಹೋದವ ಬರಲಿಲ್ಲ. ಆಮೆಯೂ ಆ ದಂಡೆಗೆ ಬರಲಿಲ್ಲ. ಕಣ್ಣಿಗೆ ಪೊರೆ ಬರುವ ಮೊದಲು ಇನ್ನೊಮ್ಮೆ ನೋಡಬೇಕು ಅನ್ನುತ್ತಿದ್ದಳು. ಅವ್ವಿಗೆ ತೋರಿಸಿಯೇ ಸೈ ಅಂತ ಜಟ್ಟು ಎಣಿಕೆ ಗುಂಪು ಸೇರಿದ. ದಂಡೆಯಲ್ಲಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕೆಸರಲ್ಲಿ ಯಾವ ಜೀವ ಎಷ್ಟು ಅಂತ ಊರವರೇ ಎಣಿಸಿ ಬರೆಯುವ ಗುಂಪು. ಪುಸ್ತಕ ಕುಸುಮಕ್ಕನ ಕೈಯಲ್ಲಿ. ಕೆಸರಲ್ಲಿ ಬೆಳಚಿನ ಚಿಪ್ಪು ಹೆಕ್ಕುವವಳು, ಬಾಯಿ ಜೋರು.

ಕೊಕ್ಕರೆ ಎಣಿಸು, ಒಂದನ್ನೂ ಬಿಡಬೇಡ ಅಂದಳು. ಇದ್ದದ್ದು ಹನ್ನೊಂದು. ಹಾರಿದವು, ಕೂತವು, ಜಟ್ಟು ಮತ್ತೆ ಎಣಿಸಿದ. ಹಾರಿದವು, ಕೂತವು, ಮತ್ತೆ ಎಣಿಸಿದ. ಮಧ್ಯಾಹ್ನಕ್ಕೆ ಎರಡು ಸಾವಿರ ಆಯಿತು. ಎಣಿಸಿದ್ದಕ್ಕೆ ಗುರುತು ಹಾಕಬೇಕೋ ಅಂತ ಕುಸುಮಕ್ಕ ಬೈದಳು.

ಸರಿ. ಬೆಳಚಿಗೆ ಎಷ್ಟು ಹೆಂಗಸರು ಇಳಿಯುತ್ತಾರೆ ನೋಡಿ ಬಾ ಅಂದರೆ, ಒಬ್ಬೊಬ್ಬರ ಹಣೆಗೂ ಸುಣ್ಣದ ಬೊಟ್ಟು ಇಟ್ಟ. ಕೊನೆಗೆ ಕುಸುಮಕ್ಕನ ಹಣೆಗೂ.

"ಮಳ್ಳಾ, ಜೀವ ಇರೋದನ್ನ ಮುಟ್ಟಬಾರದು. ದೂರ ನಿಲ್ಲು. ಅದು ತಾನಾಗಿ ಹೋಗೋತನಕ ಅಲ್ಲಾಡಬೇಡ."

ಸರಿ. ಮರುದಿನ ನಾಯಿ ಬಂದು ಅವ್ವಿ ಒಣಗಿಸಿದ ಬಂಗಡೆಗೆ ಬಾಯಿ ಹಾಕಿತು. ಜಟ್ಟು ದೂರ ನಿಂತ. ಅಲ್ಲಾಡಲಿಲ್ಲ. ನಾಯಿ ತಿಂದು, ಬಾಯಿ ನೆಕ್ಕಿ, ತಾನಾಗಿ ಹೋಯಿತು. ದುರ್ಗಿ ತಲೆ ಚಚ್ಚಿಕೊಂಡಳು. ಆಮೆ ಮೊಟ್ಟೆಯನ್ನೂ ಈ ನಾಯಿಗಳು ಬಿಡುವುದಿಲ್ಲ ಅಂದಳು ಕುಸುಮಕ್ಕ. ಜಾಡು ಹಿಡಿದೇ ಬರುತ್ತವೆ, ಆಮೆ ಬಂದು ಹೋದರೆ ಎಲ್ಲ ಅಳಿಸು, ಒಂದು ಗೆರೆಯೂ ಉಳಿಯಬಾರದು.

ಒಂದು ದಿನ ಆಮೆ ಬಂದೇ ಬಂತು. ಬೆಳಕು ಹರಿಯುವಾಗ, ಜಟ್ಟುವಿನ ಕಣ್ಣೆದುರೇ. ಓಡಿ ಅವ್ವಿಯನ್ನು ಕರೆಯಲು ಕಾಲು ತುಡಿಯಿತು. ಆದರೆ ಅಲ್ಲಾಡಬಾರದಲ್ಲ. ಆಮೆ ಮೊಟ್ಟೆ ಇಟ್ಟಿತು, ಮುಚ್ಚಿತು, ನೀರಿಗಿಳಿಯಿತು. ಜಟ್ಟು ಗಾಳಿಮರದ ಟೊಂಗೆ ಹಿಡಿದು ಗುಡಿಸಿದ್ದೇ ಗುಡಿಸಿದ್ದು. ಆಮೇಲೆ ಓಡಿದ.

ದುರ್ಗಿ ಸೆರಗು ಜಾರಿದ್ದೂ ತಿಳಿಯದೆ ಬಂದಳು. ನೋಡಿದರೆ ಮರಳು ಒರೆಸಿಟ್ಟ ಹಲಗೆ.

"ಎಲ್ಲೋ?"

"ಇಲ್ಲೇ ಎಲ್ಲೋ ಅವ್ವಿ. ನನಗೂ ಗೊತ್ತಾಗದ ಹಾಗೆ ಅಳಿಸಿದ್ದೇನೆ."

ದುರ್ಗಿ ಬೈಯಲಿಲ್ಲ. ಕೂತಳು. ಹೇಗೆ ಬಂತು, ಅದನ್ನಾದರೂ ತೋರಿಸು ಅಂದಳು. ಜಟ್ಟು ನೀರಿನಿಂದ ಹೊಟ್ಟೆ ಎಳೆದುಕೊಂಡು ಬಂದ, ಹೊಂಡ ತೋಡಿದ, ಉಸ್ಸೆಂದ, ಮುಚ್ಚಿದ, ತೆವಳಿ ವಾಪಸು ಹೋದ. ದುರ್ಗಿ ರೆಪ್ಪೆ ಬಡಿಯದೆ ನೋಡಿದಳು. ಅವನು ಗುಡಿಸಲು ಟೊಂಗೆ ಎತ್ತಿದರೆ ಕೈ ಹಿಡಿದಳು.

"ಇದು ಇರಲಿ ಮಗಾ."

ಆ ಹೊತ್ತಿಗೆ ಕುಸುಮಕ್ಕ ಬಂದು ಜಾಡು ಕಂಡಳು. 'ಆಮೆ, ಒಂದು' ಅಂತ ಬರೆದಳು. ಅದು ನಾನು ಅಂತ ಜಟ್ಟು ಎಷ್ಟು ಹೇಳಿದರೂ ಪೆದ್ದನ ಮಾತು ಯಾರು ಕೇಳುತ್ತಾರೆ? ದುರ್ಗಿ ಬಾಯಿ ಬಿಡಲಿಲ್ಲ. ಊರವರು ಹೊಂಡದ ಸುತ್ತ ಗೂಟ ನೆಟ್ಟು ಬಲೆ ಕಟ್ಟಿದರು. ಮರಿ ಬರುವುದಕ್ಕೆ ಐವತ್ತು ದಿನ ಅಂದರು. ದುರ್ಗಿ ದಿನಾ ಬಂದು ಪಕ್ಕದಲ್ಲಿ ಕೂತಳು, ಕಣ್ಣು ಕಡಲ ಮೇಲೆ.

ಐವತ್ತೊಂದನೇ ದಿನ ಜಟ್ಟುವಿಗೆ ತಡೆಯಲಾಗಲಿಲ್ಲ. ಅವಳ ಕಿವಿಯ ಹತ್ತಿರ ಬಾಗಿದ.

"ಅವ್ವೀ, ನಾನು ಮೊಟ್ಟೆ ಇಟ್ಟ ನೆನಪೇ ಇಲ್ಲ."