ಆರತಿ ತಟ್ಟೆಯಲ್ಲಿ ಗೆದ್ದವನು

ಮದುಮಕ್ಕಳಿಗೆ ಆರತಿ ಎತ್ತಿ ಮುಗಿದಿತ್ತು. ಜಗಲಿಯ ಮೇಲೆ ಮರೆತುಬಿಟ್ಟ ತಟ್ಟೆಯಲ್ಲಿ ಅರಿಸಿನ, ಕೆಂಪು ನೀರಾಗಿ, ಮಧ್ಯಾಹ್ನದ ಬಿಸಿಲಿಗೆ ಅರೆನಿದ್ದೆಯಲ್ಲಿ ತೇಲುತ್ತಿದ್ದಳು.

"ಇವಳನ್ನು ಕೆಂಪು ಮಾಡಿದವನು ನಾನು," ಎಂದ ಅವಳೊಳಗೆ ಬೆರೆತಿದ್ದ ಸುಣ್ಣ. "ನಾನು ಮುಟ್ಟಿದರೆ ಎಂಥವರೂ ಬದಲಾಗುತ್ತಾರೆ."

ಪಕ್ಕದ ಲೋಟದಲ್ಲಿ ಪಾನಕಕ್ಕೆಂದು ಹಿಂಡಿಟ್ಟಿದ್ದ ನಿಂಬೆರಸಕ್ಕೆ ಅದನ್ನು ಸಹಿಸಲಾಗಲಿಲ್ಲ. "ನಿನ್ನ ಉರಿಗೆ ಹೆದರಿ ಕೆಂಪಾಗಿದ್ದಾಳೆ. ಅವಳು ನನ್ನ ಕಡೆಯವಳು, ಹಳದಿಯವಳು. ಬಿಡಿಸಿಕೊಂಡು ಹೋಗುತ್ತೇನೆ," ಎನ್ನುತ್ತ ತಟ್ಟೆಗೆ ಇಳಿದ.

"ಹಳದಿ ನನಗೆ ಹುಟ್ಟಿನಿಂದ ಬಂದದ್ದಪ್ಪ, ನೀನು ಕೊಟ್ಟದ್ದಲ್ಲ," ಎಂದಳು ಅರಿಸಿನ, ಕಣ್ಣು ತೆರೆಯದೆ. "ಇಬ್ಬರೂ ದೂರ ಇರಿ. ಹೀಗೆ ಮೈಮೇಲೆ ಬಿದ್ದರೆ ನಿಮ್ಮಲ್ಲಿ ಯಾರೂ ಉಳಿಯುವುದಿಲ್ಲ."

ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ. ಸುಣ್ಣ ಸುಡಲು ಹೋದ, ನಿಂಬೆರಸ ಕಚ್ಚಲು ಹೋದ. ಹನಿ ಹನಿಯಾಗಿ ಒಬ್ಬರನ್ನೊಬ್ಬರು ಕರಗಿಸುತ್ತ ಹೋದರು. ಅರಿಸಿನಕ್ಕೆ ಯಾರೋ ಹಣೆಯ ಮೇಲಿನ ಕೈ ತೆಗೆದಂತಾಯಿತು. ಕೆಂಪು ಮೆಲ್ಲಗೆ ಮಾಸಿತು. ನೀರು ಹಳದಿಯಾಗಿ ನಿಂತಿತು.

"ನಾನು ಗೆದ್ದೆ," ಎಂದಿತು ಇಬ್ಬರಿಂದಲೂ ಉಳಿದು ತಳದಲ್ಲಿ ಕುಳಿತ ಚಿಟಿಕೆ ಬಿಳಿ ಹುಡಿಯೊಳಗಿನ ಒಂದು ದನಿ.

ಅರಿಸಿನ ಕಿವಿಗೊಟ್ಟು ಕೇಳಿದಳು. ಆ ದನಿಯಲ್ಲಿ ಉರಿ ಇರಲಿಲ್ಲ, ಹುಳಿಯೂ ಇರಲಿಲ್ಲ.

"ಗೆದ್ದದ್ದು ನಿಮ್ಮಿಬ್ಬರಲ್ಲಿ ಯಾರಪ್ಪ?" ಎಂದಳು.

ದನಿ ತನ್ನೊಳಗೆ ಉರಿಯನ್ನು ಹುಡುಕಿತು, ಹುಳಿಯನ್ನೂ ಹುಡುಕಿತು.

"ಅದೇ ನೆನಪಾಗುತ್ತಿಲ್ಲ, ತಾಯಿ," ಎಂದಿತು.