ಆನೆ ನುಂಗಿದ ಬೇಲದ ಹಣ್ಣು

"ಗುರುಗಳೇ, ಸಿರಿ ಹೋಗುವಾಗ ಆನೆ ನುಂಗಿದ ಬೇಲದ ಹಣ್ಣಿನಂತೆ ಹೋಗುತ್ತದೆ ಎನ್ನುತ್ತಾರೆ. ಚಿಪ್ಪು ಉಳಿದರೂ ಒಳಗೆ ಏನೂ ಇರುವುದಿಲ್ಲವಂತೆ. ಆನೆಯ ಹೊಟ್ಟೆ ಸೇರಿದ್ದೆಲ್ಲ ಹಾಳಾದಂತೆಯೇ?" ಎಂದು ಶಿಷ್ಯ ಕೇಳಿದ.

ಗುರು ನಕ್ಕರು. "ಆ ಮಾತು ಕಟ್ಟಿದವನು ಆನೆಯ ಬಾಯಿ ನೋಡಿದ್ದಾನೆ. ಅದರ ಹಿಂದೆ ನಾಲ್ಕು ಹೆಜ್ಜೆ ನಡೆದಿಲ್ಲ. ಕೇಳು" ಎಂದು ಹೇಳತೊಡಗಿದರು.

ಕಾಡಿನಂಚಿನಲ್ಲಿ ಒಬ್ಬ ಗೃಹಸ್ಥ ಅರವಟ್ಟಿಗೆ ಇಟ್ಟಿದ್ದ. ಬೇಸಗೆಯಲ್ಲಿ ದಾರಿಹೋಕರಿಗೆ ಬೇಲದ ಹಣ್ಣಿನ ಪಾನಕ ಕೊಡುವುದು ಅವನ ತಂದೆಯ ವ್ರತ. ಅದು ನಿಲ್ಲಬಾರದೆಂದು ತಂದೆ ಸಾಯುವಾಗ ಮಗನಿಂದ ಮಾತು ತೆಗೆದುಕೊಂಡಿದ್ದ. ಹಿತ್ತಲಲ್ಲಿ ಏಳು ಹಳೆಯ ಬೇಲದ ಮರಗಳಿದ್ದವು. ವರ್ಷವರ್ಷವೂ ಒಂದು ಆನೆ ಬಂದು ಉದುರಿದ ಹಣ್ಣನ್ನು ತಿಂದು ಹೋಗುತ್ತಿತ್ತು. ಗೃಹಸ್ಥ ಸಿಟ್ಟಾಗಿ ಅದರ ದಾರಿಗೆ ಅಡ್ಡವಾಗಿ ಕಂದಕ ತೋಡಿಸಿದ. ಆನೆ ಬರುವುದು ನಿಂತಿತು.

ಅವನು ಧರ್ಮಭೀರು. ಮರದ್ದು ಮರಕ್ಕೇ ಸೇರಬೇಕೆಂದು, ಪಾನಕ ಸೋಸಿ ಉಳಿದ ಬೀಜವನ್ನು ಪ್ರತಿದಿನ ಮರದ ಬುಡಕ್ಕೆ ಸುರಿದು ಕೈಮುಗಿಯುತ್ತಿದ್ದ. ಸಸಿಗಳೇನೋ ಒತ್ತಾಗಿ ಹುಟ್ಟಿದವು. ಆದರೆ ತಾಯಿಮರದ ನೆರಳಿನಲ್ಲಿ ಒಂದೂ ಮೊಣಕಾಲೆತ್ತರ ದಾಟಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಆರು ಮರಗಳು ಬಿದ್ದವು. ಏಳನೆಯದು ಕಾಯಿ ಕಟ್ಟಲಿಲ್ಲ. ತಂದೆಗೆ ಕೊಟ್ಟ ಮಾತು ತಪ್ಪುವ ಹೊತ್ತು ಬಂದಿತ್ತು.

ಅವನು ಬುಟ್ಟಿ ಹಿಡಿದು, ಹಣ್ಣು ಹುಡುಕುತ್ತ, ಆನೆಯ ಹಳೆಯ ದಾರಿಯಲ್ಲೇ ಗುಡ್ಡ ಹತ್ತಿದ. ಗುಡ್ಡದಾಚೆ ದಾರಿಯುದ್ದಕ್ಕೂ ಬೇಲದ ಮರಗಳು ಹಣ್ಣು ಹೊತ್ತು ನಿಂತಿದ್ದವು. ಅವನ ಕಣ್ಣು ತುಂಬಿತು. ಅಲ್ಲಿ ದನ ಮೇಯಿಸುತ್ತಿದ್ದ ಮುದುಕಿಯನ್ನು "ಇಷ್ಟೆಲ್ಲ ನೆಟ್ಟ ಪುಣ್ಯಾತ್ಮ ಯಾರಮ್ಮ?" ಎಂದು ಕೇಳಿದ.

"ಇಲ್ಲಿಗೆ ಬಂದು ಯಾರು ನೆಡ್ತಾರಪ್ಪ? ಆ ಕಡೆಯಿಂದ ಒಂದು ಆನೆ ಬರ್ತಿತ್ತು. ಅದು ಲದ್ದಿ ಹಾಕಿದಲ್ಲೆಲ್ಲ ಮರ ಎದ್ದವು. ಈಗ ಅದೂ ಬರಲ್ಲ, ಹೊಸ ಸಸೀನೂ ಇಲ್ಲ. ಯಾವ ಪಾಪಿ ಅದರ ದಾರಿ ಕಟ್ಟಿದನೋ!"

ಅವನು ಬುಟ್ಟಿ ತುಂಬಿಕೊಂಡು ಮರಳಿದ. ಆ ಬೇಸಗೆಯೂ ಪಾನಕ ನಡೆಯಿತು. ಮಳೆ ಬೀಳುವ ಮೊದಲು ತಾನೇ ಗುದ್ದಲಿ ಹಿಡಿದು ಕಂದಕ ಮುಚ್ಚಿದ. ಆ ಮಣ್ಣಿನ ಮೇಲೆ ಅರ್ಧ ಬುಟ್ಟಿ ಹಣ್ಣಿಟ್ಟು ಕಾಡಿನ ಕಡೆಗೆ ಕೈಮುಗಿದ.

"ಎಂಥ ಪ್ರಾಣಿ ನೋಡು! ಬೈಸಿಕೊಂಡೇ ಒಂದು ಕಾಡು ಬೆಳೆಸಿತು" ಎಂದರು ಗುರು.

ಶಿಷ್ಯ ಕೇಳಿದ: "ಆದರೆ ಅಷ್ಟು ಭಕ್ತಿಯಿಂದ ಬುಡದಲ್ಲೇ ಸುರಿದ ಬೀಜ ಏಕೆ ಮರವಾಗಲಿಲ್ಲ, ಗುರುಗಳೇ?"

"ನೀನು ನನ್ನ ಬಳಿಗೆ ಬಂದು ಹನ್ನೆರಡು ವರ್ಷವಾಯಿತಲ್ಲವೇ?" ಎಂದರು ಗುರು.

ಶಿಷ್ಯ ಎದ್ದು ಗುರುಗಳ ಕಾಲಿಗೆರಗಿ, ಹೊರಡಲು ತನ್ನ ಗಂಟು ಕಟ್ಟತೊಡಗಿದ.