ಹೆಬ್ಬೆರಳಿನ ಮಿಡಿತ

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ಮರುಳಸಿದ್ಧ ಪಂಡಿತರು ನಾಡಿ ನೋಡುವ ವಿದ್ಯೆ ಕಲಿಸುತ್ತಿದ್ದರು. ಆರು ವರ್ಷ ಕಲಿತ ರೇವಣನಿಗೆ ಹುಣ್ಣಿಮೆಯ ದಿನ ಹಿರಿಯರೆದುರು ಪರೀಕ್ಷೆ. ಅದಕ್ಕೆ ಎರಡೇ ದಿನವಿದೆ ಎನ್ನುವಾಗ ಅವನು ಬಂದು ಗುರುಗಳ ಕಾಲಿಗೆ ಬಿದ್ದ.

"ವಿದ್ಯೆ ಸಾಕು. ಊರಿಗೆ ಹೋಗುತ್ತೇನೆ, ಅಪ್ಪಣೆ ಕೊಡಿ."

"ಹೋಗುವೆಯಂತೆ. ಮೊದಲು ನನ್ನ ನಾಡಿ ನೋಡು."

ರೇವಣ ಗಡಿಬಿಡಿಯಲ್ಲಿ ಅವರ ಮಣಿಕಟ್ಟು ಹಿಡಿದ. ಅವನ ಮುಖ ಬಿಳುಚಿಕೊಂಡಿತು.

"ಗುರುಗಳೇ, ನಿಮಗೆ ಜ್ವರ. ನಾಡಿ ಕಾಲಿಗೆ ಬುದ್ಧಿ ಹೇಳಿದೆ."

"ಯಾವ ಬೆರಳಲ್ಲಿ ಹಿಡಿದಿದ್ದೀ?"

ನೋಡಿಕೊಂಡರೆ ಹೆಬ್ಬೆರಳು. ಹೆಬ್ಬೆರಳಿಗೆ ತನ್ನದೇ ಮಿಡಿತವಿರುತ್ತದೆ, ಅದನ್ನು ಊರಬಾರದು ಎಂಬುದು ಮೊದಲ ದಿನದ ಪಾಠ. ಅವನು ನಾಚಿ ಮೂರು ಬೆರಳಿಟ್ಟ. ಗುರುಗಳ ನಾಡಿ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

"ಹಾಗಾದರೆ ಆ ಓಟ ಯಾರದು?"

ರೇವಣ ಬಾಯಿಬಿಟ್ಟ.

"ನನ್ನದೇ. ಪರೀಕ್ಷೆಯ ಸುದ್ದಿ ಬಂದಾಗಿನಿಂದ ಹೀಗೇ. ಉಂಡು ಕೈತೊಳೆದ ಮೇಲೂ ಉಗ್ರಾಣಕ್ಕೆ ನುಗ್ಗಿ ಬೆಲ್ಲ ಮೆಲ್ಲುತ್ತೇನೆ. ಉಪವಾಸ ಮಾಡಿದೆ, ಮರುದಿನ ಎರಡರಷ್ಟು ತಿಂದೆ. ಬೊಜ್ಜು ಬಂದಿದೆ. ಇಂಥವನು ವೈದ್ಯನಾಗುವುದುಂಟೇ? ಈ ಹಾಳು ದೇಹ ಕಂಡರೆ ನನಗೇ ಹೇಸಿಗೆ."

"ಹಾಳಲ್ಲವೋ, ಬಲು ನಂಬಿಗಸ್ತ ದೇಹ. ನೀನು ಹೆದರಿದ್ದು ಅದಕ್ಕೆ ಗೊತ್ತು, ಯಾಕೆಂದು ಗೊತ್ತಿಲ್ಲ. ಹಿರಿಯರಾದರೇನು, ಹುಲಿಯಾದರೇನು, ಅದಕ್ಕೆ ಎರಡೂ ಒಂದೇ. ಒಳಗೊಳಗೇ ಒಂದು ರಸ ಸುರಿಸಿ ಎದೆಯನ್ನು ಓಡಿಸುತ್ತದೆ. ಓಡುವವನಿಗೆ ದಾರಿಯಲ್ಲಿ ಅನ್ನ ಸಿಗದೆಂದು ಸಿಹಿ ಬೇಡುತ್ತದೆ. ನೀನೋ ಓಡಲಿಲ್ಲ, ಕೂತೇ ಇದ್ದೆ. ಪಾಪ, ಅದು ಬುತ್ತಿ ಕಟ್ಟಿ ಕಟ್ಟಿ ಸೊಂಟದ ಸುತ್ತ ಇಟ್ಟಿದೆ. ಉಪವಾಸ ಮಾಡಿದೆಯಲ್ಲ, ಆಗ ಇನ್ನಷ್ಟು ಗಾಬರಿಯಾಯಿತು."

ರೇವಣ ಮೂರು ಬೆರಳನ್ನು ಮೆಲ್ಲಗೆ ತನ್ನ ಮಣಿಕಟ್ಟಿನ ಮೇಲೆ ಇಟ್ಟುಕೊಂಡ. ತಾನು ಬಾಯಿಗೆ ಬಂದಂತೆ ಬೈಯುತ್ತಿದ್ದಾಗಲೂ ಈ ದೇಹ ತನ್ನ ಜೀವ ಉಳಿಸಲು ಒದ್ದಾಡುತ್ತಿತ್ತು. ಹಾಗೆ ಮಾಡೆಂದು ಅದಕ್ಕೆ ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅವನ ಮೈ ಜುಮ್ಮೆಂದಿತು, ಕಣ್ಣು ತುಂಬಿ ಬಂತು. ಎಷ್ಟೋ ಹೊತ್ತು ಹಾಗೇ ಇದ್ದ. ಬೆರಳಡಿಯ ಓಟ ನಿಧಾನವಾಗಿ ನಡಿಗೆಗೆ ಇಳಿಯಿತು.

"ಊರಿಗೆ ಹೋಗುವುದಿಲ್ಲ. ಪರೀಕ್ಷೆಗೆ ಕೂರುತ್ತೇನೆ" ಎಂದ. ಆಮೇಲೆ ಕೈಮುಗಿದ. "ನನ್ನದು ತಪ್ಪಾಯಿತು ಗುರುಗಳೇ, ಹೊಟ್ಟೆಗೆ ಹಾಕಿಕೊಳ್ಳಿ."

ಪಂಡಿತರು ಅವನ ಹೊಟ್ಟೆಯತ್ತ ಬೆರಳು ಮಾಡಿದರು.

"ನನ್ನನ್ನೇಕೆ ಕೇಳುತ್ತೀಯಪ್ಪಾ? ಇಷ್ಟು ದಿನ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡದ್ದು ಅದು."